ಖ್ವಾಜಾ ಮೀರ್ ದರ್ದ್: ಮಗನ ಕಾವ್ಯಕ್ಕೆ ಮುಂಚೆ ಅಪ್ಪನ ಕಥೆ

ಉರ್ದು ಸಾಹಿತ್ಯ ಚರಿತ್ರೆ ಓದುವವರಿಗೆ ದರ್ದ್ ಸಿಗುವುದು ಕವಿಗಳ ಒಂದು ಪಟ್ಟಿಯಲ್ಲಿ. ಮೀರ್, ಸೌದಾ, ದರ್ದ್. ಹದಿನೆಂಟನೇ ಶತಮಾನ, ದೆಹಲಿ, ಸೂಫಿ ಕವಿ, ಚಿಕ್ಕ ದಿವಾನ್ (ಕವನ ಸಂಕಲನ). ಅಷ್ಟು ಬರೆದುಕೊಂಡು ಮುಂದಿನ ಹೆಸರಿಗೆ ಹೋಗಿಬಿಡುತ್ತೇವೆ. ಆದರೆ ಅವರು ಬರೆದದ್ದರಲ್ಲಿ ಉರ್ದು ಗಜಲ್ ಸಣ್ಣ ಪಾಲು ಮಾತ್ರ. ಜಾಸ್ತಿ ಇರುವುದು ಪಾರ್ಸಿ (ಪರ್ಷಿಯನ್) ಗದ್ಯ, ಅದೂ ಸೂಫಿ ಸಾಧನೆಯ ಬಗ್ಗೆ. ಅದನ್ನು ಬಿಟ್ಟು ಗಜಲ್ ಮಾತ್ರ ಹಿಡಿದರೆ ಅವರ ಬದುಕು ಅರ್ಥವಾಗುವುದಿಲ್ಲ. ಎರಡಕ್ಕೂ ಕೀಲಿಕೈ ಅವರ ಅಪ್ಪ.

ಅಪ್ಪನ ಹೆಸರು ಮುಹಮ್ಮದ್ ನಾಸಿರ್. ನಕ್ಷ್‌ಬಂದಿ ಎಂಬ ಸೂಫಿ ಪಂಥದವರು. ಅವರ ಗುರುಗಳಲ್ಲಿ ಒಬ್ಬರು ಶಾ ಗುಲ್ಷನ್. ದಖನ್ನಿನ ಕವಿ ವಲಿ ದೆಹಲಿಗೆ ಬಂದಾಗ, ಪಾರ್ಸಿಯಲ್ಲಿ ಬಿದ್ದಿರುವ ವಸ್ತುಗಳನ್ನೆಲ್ಲ ನಿನ್ನ ರೇಖ್ತಾಗೆ, ಅಂದರೆ ಅಂದಿನ ಉರ್ದುವಿಗೆ, ತಂದುಕೋ ಎಂದು ಹೇಳಿದರಂತೆ, ಅದೇ ಗುಲ್ಷನ್. ಗುಲ್ಷನ್ ಅಂದರೆ ಹೂದೋಟ, ಹಾಗಾಗಿ ಶಿಷ್ಯ 'ಅಂದಲೀಬ್' ಅಂದರೆ ಬುಲ್‌ಬುಲ್ ಎಂದು ಕಾವ್ಯನಾಮ ಇಟ್ಟುಕೊಂಡರು.

1734ರ ಸುಮಾರಿಗೆ ಅಂದಲೀಬ್ ಕೋಣೆಯ ಬಾಗಿಲು ಹಾಕಿಕೊಂಡು ಏಳು ದಿನ ಒಳಗೇ ಇದ್ದರಂತೆ. ಹದಿಮೂರರ ಹುಡುಗ ದರ್ದ್ ಹೊಸ್ತಿಲ ಬಳಿಯೇ ಕಾದು ಕೂತಿದ್ದ. ಅಪ್ಪ ಹೊರಗೆ ಬಂದವರು, ಪ್ರವಾದಿಯವರ ಮೊಮ್ಮಗ ಇಮಾಮ್ ಹಸನ್ ತಮಗೆ ದರ್ಶನ ಕೊಟ್ಟು ಹೊಸ ದಾರಿ ತೋರಿಸಿದರು ಎಂದರು. ಆ ದಾರಿಯ ಹೆಸರೇ ತರೀಕಾ-ಎ-ಮುಹಮ್ಮದಿಯಾ. ಮೊದಲು ದೀಕ್ಷೆ ಪಡೆದವನು ಅದೇ ಹುಡುಗ. ದರ್ದ್ ತಾವೇ ಬರೆದಿಟ್ಟ ಕಥೆ ಇದು, ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ನಮಗೆ ಇಲ್ಲಿ ಮುಖ್ಯವಾದದ್ದು ಬೇರೆ: ಅವತ್ತಿನಿಂದ ದರ್ದ್‌ಗೆ ಅಪ್ಪನೇ ಗುರು, ಮನೆಯೇ ಖಾನ್ಕಾ, ಅಂದರೆ ಸೂಫಿ ಮಠ.

ಇದು ಎಷ್ಟು ಆಳಕ್ಕೆ ಇಳಿದಿತ್ತು ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ಅರಬ್ಬಿ ಲಿಪಿಯ ಒಂದೊಂದು ಅಕ್ಷರಕ್ಕೂ ಒಂದು ಬೆಲೆ ಇದೆ, ಇದನ್ನು ಅಬ್ಜದ್ ಎನ್ನುತ್ತಾರೆ, ನಮ್ಮ ಕಟಪಯಾದಿ ಇದ್ದ ಹಾಗೆ. ನಾಸಿರ್ ಎಂಬ ಹೆಸರಿನಲ್ಲಿ ನೂನ್ 50, ಅಲಿಫ್ 1, ಸ್ವಾದ್ 90, ರೇ 200. ಒಟ್ಟು 341. ದರ್ದ್ ಕೊನೆಗಾಲದಲ್ಲಿ ನಾಲ್ಕು ಪುಟ್ಟ ಪಾರ್ಸಿ ಕೃತಿಗಳನ್ನು ಬರೆದರು: ನಾಲಾ-ಎ-ದರ್ದ್, ಆಹ್-ಎ-ಸರ್ದ್, ದರ್ದ್-ಎ-ದಿಲ್, ಶಮ್ಅ-ಎ-ಮಹಫಿಲ್. ನಾಲ್ಕರಲ್ಲೂ ತಲಾ 341 ತುಣುಕುಗಳು! ಒಂದು ಜಾಸ್ತಿ ಇಲ್ಲ, ಒಂದು ಕಡಿಮೆ ಇಲ್ಲ. ದೊಡ್ಡ ಕೃತಿ 'ಇಲ್ಮುಲ್ ಕಿತಾಬ್'ನಲ್ಲಿ 111 ಅಧ್ಯಾಯ, ಪ್ರತಿಯೊಂದೂ 'ಯಾ ನಾಸಿರ್' ಎಂದೇ ಶುರು. 'ನಾಸಿರ್' ಅಂದರೆ ಕಾಪಾಡುವವನು, ಹಾಗಾಗಿ ಅಲ್ಲಿ ಕರೆಯುತ್ತಿರುವುದು ದೇವರನ್ನೋ ಅಪ್ಪನನ್ನೋ ಎಂದು ಬಿಡಿಸಿ ಹೇಳುವುದು ಕಷ್ಟ. ದರ್ದ್‌ಗೆ ಅದನ್ನು ಬಿಡಿಸಬೇಕು ಎಂದೂ ಅನಿಸಿದ ಹಾಗಿಲ್ಲ.

ಉಳಿದ ಜೀವನಚರಿತ್ರೆ ಬೇಗ ಮುಗಿಯುತ್ತದೆ. ಹುಟ್ಟಿದ್ದು 1721, ದೆಹಲಿ. ಮೂವತ್ತಾಗುವ ಮುಂಚೆಯೇ ಲೌಕಿಕ ವ್ಯವಹಾರ ಬಿಟ್ಟು ದರ್ವೇಶಿ ಬಟ್ಟೆ ತೊಟ್ಟರು. 1759ರಲ್ಲಿ ಅಪ್ಪ ತೀರಿಕೊಂಡ ಮೇಲೆ ಪಂಥದ ಹೊಣೆ ಇವರ ಮೇಲೆ ಬಂತು. 1785ರಲ್ಲಿ ನಿಧನ. ಚಾಂದ್ರಮಾನದ ಹಿಜರಿ ಲೆಕ್ಕದಲ್ಲಿ 1133ರಿಂದ 1199, ಅಂದರೆ 66 ವರ್ಷ. 'ಅಲ್ಲಾಹ್' ಪದದ ಅಬ್ಜದ್ ಬೆಲೆಯೂ 66.

ಈ ನಡುವೆ ದೆಹಲಿ ಕಂಡದ್ದು ಒಂದೆರಡಲ್ಲ. 1739ರಲ್ಲಿ ಇರಾನಿನ ನಾದಿರ್ ಶಾ, ಆಮೇಲೆ ಮತ್ತೆ ಮತ್ತೆ ಅಫ್ಘಾನ್ ದೊರೆ ಅಬ್ದಾಲಿಯ ದಾಳಿ. ಸೌದಾ ಊರು ಬಿಟ್ಟರು, ಮೀರ್ ಕೂಡ 1782ರಲ್ಲಿ ಲಖನೌಗೆ ಹೋದರು. ಹೊಟ್ಟೆಪಾಡು, ತಪ್ಪೇನಿಲ್ಲ. ದರ್ದ್ ಮಾತ್ರ ಕದಲಲಿಲ್ಲ. ಧೈರ್ಯ ಎಂದು ಸುಮ್ನೆ ಹೊಗಳುವುದಕ್ಕಿಂತ, ಅವರ ಗುರುಪೀಠ ಆ ಊರಲ್ಲೇ ಇತ್ತು ಅನ್ನುವುದನ್ನು ನೆನಪಿಡಿ. ಅದನ್ನು ಬಿಟ್ಟು ಎಲ್ಲಿಗೆ ಹೋಗುತ್ತಾರೆ?

ಪರೀಕ್ಷೆಗಳಲ್ಲಿ ಕೇಳದಿದ್ದರೂ ನನಗೆ ತುಂಬ ಇಷ್ಟವಾದ ಭಾಗ ಸಂಗೀತ. ನಕ್ಷ್‌ಬಂದಿಗಳದು ಮೌನ ಜಪ, ಹಾಡು ಕುಣಿತ ದೂರ. ಆದರೆ ದರ್ದ್ ಮನೆಯಲ್ಲಿ ತಿಂಗಳಿಗೆ ಎರಡು ಸಲ ಸಂಗೀತದ ಬೈಠಕ್! ಟೀಕೆ ಬಂದಾಗ, ನಾನು ಗಾಯಕರನ್ನು ಕರೆಯುವುದಿಲ್ಲ, ಅವರೇ ಬಂದು ಹಾಡುತ್ತಾರೆ ಎಂಬರ್ಥದ ಸಮಜಾಯಿಷಿ ಕೊಟ್ಟರು. ಸ್ವಲ್ಪ ಜಾಣ ಉತ್ತರ, ಅಲ್ವಾ? ಮೊಘಲ್ ಬಾದಶಾ ಶಾ ಆಲಂ ಒಮ್ಮೆ ಇಂಥ ಕೂಟದಲ್ಲಿ ಕಾಲು ಚಾಚಿದರಂತೆ. ಇದು ಸಭೆಯ ರೀತಿ ಅಲ್ಲ ಎಂದರು ದರ್ದ್. ಕಾಲು ನೋವು ಎಂದರು ಬಾದಶಾ. ನೋವಿದ್ದರೆ ಬರುವ ತೊಂದರೆ ಯಾಕೆ ತಗೊಂಡಿರಿ ಎಂದು ಮರುಪ್ರಶ್ನೆ. ಮುಹಮ್ಮದ್ ಹುಸೇನ್ ಆಜಾದ್ ಉರ್ದು ಕವಿಗಳ ಚರಿತ್ರೆ 'ಆಬ್-ಎ-ಹಯಾತ್'ನಲ್ಲಿ ಹೇಳಿದ ಕಥೆ ಇದು. ಆಜಾದ್ ಕಥೆಗೆ ಬಣ್ಣ ಹಚ್ಚುವವರು, ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ.

ಇನ್ನು ಗಜಲ್. ದರ್ದ್ ಅವರ ಕೈ ಪಳಗಿದ್ದು ಗಿಡ್ಡ ಛಂದಸ್ಸಿನಲ್ಲಿ. ಇದು ಬದುಕೋ ಬಿರುಗಾಳಿಯೋ, ಈ ಬದುಕಿನ ಕೈಯಲ್ಲೇ ಸತ್ತೆವಲ್ಲ ಎಂಬ ಅರ್ಥದ ಅವರ ಸಾಲು ಎಲ್ಲರ ಬಾಯಲ್ಲಿದೆ, ಅದರಲ್ಲಿ ಒಂದೇ ಒಂದು ಕಷ್ಟದ ಪದ ಇಲ್ಲ. ಪಾರ್ಸಿ ಗದ್ಯದಲ್ಲಿ ಅಷ್ಟು ಬಿಗಿ ವಾದ ಹೂಡುವ ಮನುಷ್ಯ ಉರ್ದುವಿನಲ್ಲಿ ಮಾತಾಡಿದಂತೆ ಬರೆಯುತ್ತಾರೆ. ತಿಂಗಳ 15ಕ್ಕೆ ಅವರ ಮನೆಯಲ್ಲಿ ಮುಷಾಯಿರಾ, ಅಂದರೆ ಕವಿಗೋಷ್ಠಿ, ನಡೆಯುತ್ತಿತ್ತು, ಆಮೇಲೆ ಅದನ್ನು ಮೀರ್ ಮನೆಗೆ ಒಪ್ಪಿಸಿದರು. ಈ ವಿಷಯವನ್ನು ಮೀರ್ ತಮ್ಮ ಕವಿಚರಿತೆಯಲ್ಲಿ ಗೌರವದಿಂದಲೇ ಬರೆದಿದ್ದಾರೆ. ಅದೇ ಮೀರ್ ಮುಂದೆ, ದರ್ದ್ ಅರ್ಧ ಕವಿ ಎಂದರಂತೆ, ಅದೂ ಆಜಾದ್ ಹೇಳಿದ ಕಥೆಯೇ.

ನೋಟ್ಸ್ ಮಾಡಿಕೊಳ್ಳುವವರು ಒಂದು ಕಡೆ ಹುಷಾರಾಗಿರಿ. 'ನಾಲಾ-ಎ-ಅಂದಲೀಬ್' ಅಪ್ಪನದು, ಭಾರಿ ಗಾತ್ರದ ಪಾರ್ಸಿ ರೂಪಕ ಕಥೆ. 'ನಾಲಾ-ಎ-ದರ್ದ್' ಮಗನದು. 'ಖ್ವಾಬ್-ಓ-ಖಯಾಲ್' ಎಂಬ ಮಸ್ನವಿ (ದ್ವಿಪದಿಗಳ ದೀರ್ಘ ಕಾವ್ಯ) ಇವರಿಬ್ಬರದೂ ಅಲ್ಲ, ದರ್ದ್ ಅವರ ತಮ್ಮ ಮೀರ್ ಅಸರ್ ಬರೆದದ್ದು.