ಆರ್ಕುಟ್ ಖಾಲಿಯಾಯಿತು, ವಾಟ್ಸ್‌ಆ್ಯಪ್ ಏಕೆ ಖಾಲಿಯಾಗುತ್ತಿಲ್ಲ?

ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದ ಸುದ್ದಿ ಮಾನ್ವಿ ಸೀಮೆಯ ನಮ್ಮೂರಿಗೆ ತಲುಪಿದ್ದು ರೈತರ ವಾಟ್ಸ್‌ಆ್ಯಪ್ ಗ್ರೂಪಿನಿಂದ. ಎಡದಂಡೆ ಕಾಲುವೆಯ 69ನೇ ಮೈಲಿನಲ್ಲಿ ಎಷ್ಟು ಅಡಿ ಗೇಜ್, ಅಂದರೆ ನೀರಿನ ಮಟ್ಟ, ಇದೆ ಎಂಬುದೂ ಕಾಲುವೆಯ ಕೊನೆ ಭಾಗದ ರೈತರಿಗೆ ಅಲ್ಲಿಯೇ ತಿಳಿಯುತ್ತದೆ. ಇಷ್ಟು ಬೇರು ಬಿಟ್ಟಿರುವ ಜಾಲತಾಣವೂ ಒಂದು ದಿನ ಖಾಲಿಯಾದೀತೇ ಎಂದು ಕೇಳುವವರು ಹಿಂದಿನದನ್ನು ಸ್ವಲ್ಪ ನೋಡಬೇಕು.

ಖಾಲಿಯಾದ ಉದಾಹರಣೆಗಳಿಗೆ ಕೊರತೆಯಿಲ್ಲ. 2005ರಲ್ಲಿ 58 ಕೋಟಿ ಡಾಲರಿಗೆ ಮಾರಾಟವಾದ ಮೈಸ್ಪೇಸ್ ಎಂಬ ಜಾಲತಾಣ, 2011ರಲ್ಲಿ ಸುಮಾರು 3.5 ಕೋಟಿ ಡಾಲರಿಗೆ ಕೈಬದಲಾಯಿತು.

ನಮ್ಮವರು ಹತ್ತಿರದಿಂದ ಕಂಡ ಪತನವೆಂದರೆ 2004ರಲ್ಲಿ ಗೂಗಲ್ ಆರಂಭಿಸಿದ ಆರ್ಕುಟ್‌ನದು. ರಾಯಚೂರಿನಲ್ಲಿ ಓದುತ್ತಿದ್ದಾಗ ನಾವು ಸೈಬರ್ ಕೆಫೆಯ ರಿಜಿಸ್ಟರಿನಲ್ಲಿ ಹೆಸರು, ವೇಳೆ ಬರೆದು ಕುಳಿತರೆ ಮೊದಲು ನೋಡುತ್ತಿದ್ದದ್ದು ನಮ್ಮ ಪುಟದಲ್ಲಿ ಯಾರು ಸ್ಕ್ರ್ಯಾಪ್, ಅಂದರೆ ಸಂದೇಶ, ಹಾಕಿದ್ದಾರೆ ಎಂಬುದನ್ನು. ಗೆಳೆಯನಿಂದ ನಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತಿನ ಒಂದು ಟೆಸ್ಟಿಮೋನಿಯಲ್ ಬರೆಸಿಕೊಳ್ಳಲು ವಾರಗಟ್ಟಲೆ ಬೆನ್ನು ಹತ್ತುತ್ತಿದ್ದೆವು. ಆಮೇಲೆ ನೌಕರಿಗೆಂದು ಬೆಂಗಳೂರು ಸೇರಿದವರು ಒಬ್ಬೊಬ್ಬರಾಗಿ ಮೌನವಾದರು. ಫೇಸ್‌ಬುಕ್‌ಗೆ ಬಾ ಎಂಬುದೇ ಹಲವರ ಕೊನೆಯ ಸ್ಕ್ರ್ಯಾಪ್. ನಾವು ಯಾರ ಮಾತಿಗಾಗಿ ಕಾಯುತ್ತಿದ್ದೆವೋ ಅವರೇ ಮೊದಲು ಹೊರಟಿದ್ದರಿಂದ, ಉಳಿದವರಿಗೆ ಅಲ್ಲಿ ಕೂರಲು ಕಾರಣವೇ ಇರಲಿಲ್ಲ. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು.

ಅದೇ ವರ್ಷ ಫೇಸ್‌ಬುಕ್ ಸುಮಾರು 1,900 ಕೋಟಿ ಡಾಲರಿಗೆ ವಾಟ್ಸ್‌ಆ್ಯಪ್ ಖರೀದಿಸಲು ಒಪ್ಪಂದ ಮಾಡಿಕೊಂಡಿತು. ಇನ್‌ಸ್ಟಾಗ್ರಾಂ ಅದಕ್ಕೂ ಎರಡು ವರ್ಷ ಮೊದಲೇ ಅದರ ತೆಕ್ಕೆಗೆ ಬಂದಿತ್ತು. ಹೀಗಾಗಿ ಒಂದನ್ನು ಬಿಟ್ಟವರು ಬಹುಮಟ್ಟಿಗೆ ಅದೇ ಮನೆಯ ಇನ್ನೊಂದು ಕೋಣೆ ಸೇರುವಂತಾಯಿತು. ಭಾರತದಲ್ಲಿ ಟಿಕ್‌ಟಾಕ್ ನಿಂತದ್ದು ಜನ ಬೇಸತ್ತಿದ್ದರಿಂದಲ್ಲ, 2020ರ ಜೂನ್ 29ರ ಸರ್ಕಾರಿ ನಿಷೇಧದಿಂದ. ಹತ್ತೇ ದಿನಗಳೊಳಗೆ ಇನ್‌ಸ್ಟಾಗ್ರಾಂನ ರೀಲ್ಸ್ ಇಲ್ಲಿಗೆ ಬಂತು. 2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್‌ನ ಹೊಸ ಗೋಪ್ಯತಾ ನೀತಿಗೆ ಬೇಸರಗೊಂಡು ನಮ್ಮ ಗ್ರೂಪಿನ ಕೆಲವರು ಸಿಗ್ನಲ್ ಎಂಬ ಬೇರೆ ಸಂದೇಶ ಆ್ಯಪ್‌ಗೆ ಹೋದರಾದರೂ, ಗೇಜ್ ಹೇಳುವವರು ಅಲ್ಲಿರಲಿಲ್ಲವಾದ್ದರಿಂದ ಮರಳಿ ಬಂದರು.

ಮೊಬೈಲ್ ಸಂಖ್ಯೆ ಉಳಿಸಿಕೊಂಡೇ ಕಂಪನಿ ಬದಲಿಸುವ ಅವಕಾಶ ದೇಶದಾದ್ಯಂತ 2011ರ ಜನವರಿಯಿಂದ ಇದೆ. ವಾಟ್ಸ್‌ಆ್ಯಪ್ ಬಿಡುವವರಿಗೆ ಗ್ರೂಪನ್ನು ಜೊತೆಗೊಯ್ಯುವ ಅಂಥ ಅವಕಾಶವಿಲ್ಲ, ಇರಬೇಕಿತ್ತು. ಯುರೋಪ್ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಯು ಬೇರೆ ಆ್ಯಪ್‌ನವರೂ ವಾಟ್ಸ್‌ಆ್ಯಪ್ ಬಳಕೆದಾರರಿಗೆ ಸಂದೇಶ ಕಳಿಸುವಂತೆ ಬಾಗಿಲು ತೆರೆಯಬೇಕೆಂದು ವಿಧಿಸಿದೆ. ಅಂಥ ಬಾಗಿಲು ಇಲ್ಲಿ ತೆರೆಯುವವರೆಗೆ, ಹೊಸ ಆ್ಯಪ್ ಎಷ್ಟೇ ಚೆನ್ನಾಗಿದ್ದರೂ ಒಂಟಿಯಾಗಿ ಹೋದವರು ಹಿಂದಿರುಗುತ್ತಲೇ ಇರುತ್ತಾರೆ.

ನಮ್ಮ ಕಾಕಾ ಮಾತ್ರ ಗ್ರೂಪಿನಲ್ಲಿ ಬಂದ ಗೇಜನ್ನು ಪ್ರತಿದಿನ ಬೆಳಿಗ್ಗೆ ತಾರೀಖಿನ ಸಮೇತ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಈಗ ಮೂರನೆಯ ನೋಟ್‌ಬುಕ್ ನಡೆದಿದೆ.