ಮೊದಲು ಖರ್ಚು, ಆಮೇಲೆ ಬಿಲ್ಲು: ಸರ್ಕಾರಿ ನೌಕರರ ಚಿಕಿತ್ಸಾ ವೆಚ್ಚದ ಕಥೆ

2025ರ ಅಕ್ಟೋಬರ್ ವೇತನದಿಂದ ರಾಜ್ಯ ಸರ್ಕಾರಿ ನೌಕರರ ಸಂಬಳದ ಚೀಟಿಯಲ್ಲಿ ಹೊಸ ಕಟಾವೊಂದು ಕಾಣಿಸಿಕೊಂಡಿತು. ಎ ಗುಂಪಿನವರಿಗೆ ತಿಂಗಳಿಗೆ 1,000 ರೂಪಾಯಿ, ಬಿ ಗುಂಪಿಗೆ 500, ಸಿ ಗುಂಪಿಗೆ 350, ಡಿ ಗುಂಪಿಗೆ 250. ಇದು ನೌಕರರಿಗೂ ಅವರ ಕುಟುಂಬಕ್ಕೂ ನಗದುರಹಿತ ಚಿಕಿತ್ಸೆ ಕೊಡಿಸುವ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆಯ ವಂತಿಕೆ. ಇಷ್ಟು ವರ್ಷ ಸರ್ಕಾರವೇ ಭರಿಸುತ್ತಿದ್ದ ಚಿಕಿತ್ಸೆಗೆ ಈಗ ನಾವೇಕೆ ಹಣ ಕೊಡಬೇಕು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಉತ್ತರ ಬೇಕಿದ್ದರೆ, ನೌಕರರ ಚಿಕಿತ್ಸಾ ವೆಚ್ಚವನ್ನು ಸರ್ಕಾರ ಭರಿಸುವ ಬಗೆಯನ್ನು ಹೇಳುವ 1963ರ ವೈದ್ಯಕೀಯ ಹಾಜರಾತಿ ನಿಯಮಗಳಿಂದಲೇ ಶುರು ಮಾಡಬೇಕು.

ಆ ನಿಯಮಗಳ ಮೂಲ ಕಲ್ಪನೆ ಸರ್ಕಾರಿ ಆಸ್ಪತ್ರೆಯದು. ಮುಂದಿನ ದಶಕಗಳಲ್ಲಿ ಮಾನ್ಯತೆ ಪಡೆದ ಖಾಸಗಿ ಆಸ್ಪತ್ರೆಗಳೂ ಸೇರಿಕೊಂಡವು, ಆದರೆ ಪದ್ಧತಿ ಮಾತ್ರ ಬದಲಾಗಲಿಲ್ಲ. ಕಚೇರಿ ಕೆಲಸಕ್ಕೆ ಪ್ರವಾಸ ಹೋಗಿ ಬಂದು ದಿನಚರಿ ಬರೆದು ಪ್ರಯಾಣ ಭತ್ಯೆಯ ಬಿಲ್ಲು ಹಾಕುವ ಹಾಗೆಯೇ ಇಲ್ಲಿಯೂ ಮೊದಲು ಕೈಯಿಂದ ಖರ್ಚು ಮಾಡಬೇಕು, ಆಮೇಲೆ ಕೇಳಬೇಕು. ಬಸ್ಸಿನ ಟಿಕೆಟ್ಟಿಗೆ ಹೊಂದುವ ಈ ಲೆಕ್ಕ ಹೃದಯದ ಶಸ್ತ್ರಚಿಕಿತ್ಸೆಗೂ ಹೊಂದುತ್ತದೆಂದು ಭಾವಿಸಿದ್ದೇ ಮುಂದಿನ ತೊಡಕುಗಳಿಗೆಲ್ಲ ಬೇರು ಎನ್ನಬಹುದು.

ಮರುಪಾವತಿಯ ಕಡತವನ್ನು ಒಮ್ಮೆ ಬಿಚ್ಚಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ಚಿಕಿತ್ಸೆ ಬೇಕೇ ಆಗಿತ್ತೆಂದು ದೃಢೀಕರಿಸುವ, ಚಿಕಿತ್ಸೆ ನೀಡಿದ ವೈದ್ಯರ ಸಹಿ ಮತ್ತು ಮೊಹರಿರುವ ಅವಶ್ಯಕತಾ ಪ್ರಮಾಣಪತ್ರ, ಬಿಡುಗಡೆಯ ಸಾರಾಂಶ, ಒಂದೊಂದು ಔಷಧಿಯ ರಸೀದಿ. ಯಂತ್ರದಿಂದ ಬಂದ ತೆಳು ಕಾಗದದ ಆ ರಸೀದಿಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ, ಅನುಭವಸ್ಥರು ಮೊದಲೇ ಜೆರಾಕ್ಸ್ ಮಾಡಿಸಿ ಪಕ್ಕದಲ್ಲಿ ಲಗತ್ತಿಸುತ್ತಾರೆ. ಒಂದು ಸಹಿ ತಪ್ಪಿದರೆ ಆಕ್ಷೇಪಣೆಯೊಂದಿಗೆ ಕಡತ ಹಿಂದಿರುಗುತ್ತದೆ. ಎಲ್ಲವೂ ಸರಿಯಿದ್ದರೂ ಮಂಜೂರಾಗುವುದು ನಿಗದಿತ ದರದಷ್ಟು ಮಾತ್ರ, ಆಸ್ಪತ್ರೆ ವಸೂಲು ಮಾಡಿದಷ್ಟಲ್ಲ. ನಡುವಿನ ಅಂತರ, ಸಾಲ ಮಾಡಿದ್ದರೆ ಅದರ ಬಡ್ಡಿಯೂ, ನೌಕರನ ತಲೆಯ ಮೇಲೆಯೇ.

2014-15ರಲ್ಲಿ, ಸರ್ಕಾರದ ಆರೋಗ್ಯ ಯೋಜನೆಗಳನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಬಂದ ಜ್ಯೋತಿ ಸಂಜೀವಿನಿ ಯೋಜನೆ ಈ ಕ್ರಮವನ್ನು ಮೊದಲ ಬಾರಿಗೆ ಮುರಿಯಿತು. ನೌಕರ ಕೈಯಿಂದ ನಗದು ಕೊಡಬೇಕಿಲ್ಲ, ವಂತಿಕೆಯೂ ಇಲ್ಲ. ಆದರೆ ಹೃದ್ರೋಗ, ಕ್ಯಾನ್ಸರ್, ನರರೋಗ, ಮೂತ್ರಪಿಂಡದ ಕಾಯಿಲೆ, ಸುಟ್ಟಗಾಯ, ಅಪಘಾತ, ನವಜಾತ ಶಿಶುಗಳ ಚಿಕಿತ್ಸೆ ಎಂಬ ಏಳು ವಿಭಾಗಗಳಾಚೆಗೆ ಅದು ಕೈಚಾಚಲಿಲ್ಲ. ಡೆಂಗಿಗೆ ಒಂದು ವಾರ ದಾಖಲಾದವರಿಗೆ ಮತ್ತೆ ಅದೇ ಅವಶ್ಯಕತಾ ಪ್ರಮಾಣಪತ್ರ, ಅದೇ ಕಡತ.

ಈ ಬಿಟ್ಟುಹೋದ ಭಾಗವನ್ನು ತುಂಬಲೆಂದು 2022ರಲ್ಲಿ ಆದೇಶವಾದ ಆರೋಗ್ಯ ಸಂಜೀವಿನಿ ಜಾರಿಗೆ ಬರಲು ಮೂರು ವರ್ಷ ಹಿಡಿಯಿತು. ಪತಿ ಪತ್ನಿ ಇಬ್ಬರೂ ನೌಕರರಾಗಿದ್ದರೆ ಒಬ್ಬರು ವಂತಿಕೆ ಕೊಟ್ಟರೆ ಸಾಕು, ಬೇಡವೆನ್ನುವವರಿಗೆ ಹೊರಗುಳಿಯುವ ಅವಕಾಶವನ್ನೂ ಕೊಡಲಾಯಿತು. ಮುಂಗಡವಾಗಿ ಹಣ ಹೊಂದಿಸುವ ಹೊಣೆ ಈಗ ನೌಕರನಿಂದ ಆಸ್ಪತ್ರೆಗೆ ದಾಟಿದೆ. ಬಿಲ್ಲು ಹಾಕಿ ಕಾಯಬೇಕಾದವರು ಇನ್ನು ಮುಂದೆ ಆಸ್ಪತ್ರೆಯವರು. ನಿಗದಿತ ದರ ಅವರಿಗೆ ಒಗ್ಗದಿದ್ದರೆ, ಅಥವಾ ಹಣ ಬರುವುದು ತಡವಾದರೆ, ತಾಲ್ಲೂಕು ಕೇಂದ್ರಗಳ ಸಣ್ಣ ಆಸ್ಪತ್ರೆಗಳು ಯೋಜನೆಯ ಪಟ್ಟಿಯಲ್ಲಿ ಎಷ್ಟು ದಿನ ಉಳಿಯುತ್ತವೆ ಎಂಬುದನ್ನೇ ವಂತಿಕೆ ಕೊಡುವ ನೌಕರರು ಈಗ ಗಮನಿಸುತ್ತಿರಬೇಕಾಗಿದೆ.