ಪದ ಪರಿಚಯ: ಹಕ್ಕಿ ಮಲೇರಿಯಾ

ಹಕ್ಕಿಗಳ ರಕ್ತಕಣದೊಳಗೆ ಬದುಕುವ ಪ್ಲಾಸ್ಮೋಡಿಯಂ, ಹೀಮೋಪ್ರೋಟಿಯಸ್, ಲ್ಯೂಕೋಸೈಟೊಜೂನ್ ಎಂಬ ಮೂರು ಏಕಕೋಶ ಪರಜೀವಿ ಕುಲಗಳ ಸೋಂಕನ್ನೂ ‘ಹಕ್ಕಿ ಮಲೇರಿಯಾ’ ಎಂದು ಕರೆಯುವವರಿದ್ದಾರೆ. ಬಿಗಿಯಾಗಿ ಹೇಳಿದರೆ ಮೊದಲನೆಯದು ಮಾತ್ರ ಮಲೇರಿಯಾ. ಅದನ್ನು ಹೆಚ್ಚಾಗಿ ಹರಡುವುದು ಕ್ಯೂಲೆಕ್ಸ್ ಸೊಳ್ಳೆ. 1898ರಲ್ಲಿ ಕಲ್ಕತ್ತೆಯಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಪಾತ್ರವನ್ನು ಪೂರ್ತಿಯಾಗಿ ತೋರಿಸಿದ್ದು ಹಕ್ಕಿಗಳಲ್ಲೇ. ಹಾಡುಹಕ್ಕಿಗಳಲ್ಲಿ ಹೀಮೋಪ್ರೋಟಿಯಸ್ ಹರಡುವುದು ಕಚ್ಚುವ ನೊರಜಿನಿಂದ, ಲ್ಯೂಕೋಸೈಟೊಜೂನ್ ಹರಡುವುದು ಹರಿವ ನೀರಲ್ಲಿ ಬೆಳೆಯುವ ಕಪ್ಪು ನೊಣದಿಂದ. ಯಾವುದೂ ಮನುಷ್ಯರಿಗೆ ಅಂಟುವುದಿಲ್ಲ.

ಸೂಕ್ಷ್ಮದರ್ಶಕದಲ್ಲಿ ಮೊದಲೆರಡರೊಳಗೆ ಕಂದು-ಕಪ್ಪು ವರ್ಣಕಣ ಕಾಣುತ್ತದೆ, ಮೂರನೆಯದರಲ್ಲಿ ಇಲ್ಲ. ಕೆಂಪುಕಣದೊಳಗೇ ಪರಜೀವಿ ಒಡೆದು ಹೆಚ್ಚುತ್ತಿದ್ದರೆ ಪ್ಲಾಸ್ಮೋಡಿಯಂ. ಹೀಮೋಪ್ರೋಟಿಯಸ್ ಹೆಚ್ಚುವುದು ಒಳಾಂಗಗಳಲ್ಲಿ. ರಕ್ತದಲ್ಲಿ ಸಿಗುವುದು ಕಣಕೇಂದ್ರವನ್ನು ಬಳಸಿ ಬಾಗಿದ ಗ್ಯಾಮಿಟೋಸೈಟ್ (ಪರಜೀವಿಯ ಲೈಂಗಿಕ ಹಂತದ ಕೋಶ) ಮಾತ್ರ.

ನಂದಿಬೆಟ್ಟ, ದೇವರಾಯನದುರ್ಗದ ಕಡೆ ಚಳಿಗಾಲ ಕಳೆಯುವ ಉಲಿಯಕ್ಕಿಗಳಲ್ಲಿ (ವಾರ್ಬ್ಲರ್) ಸೋಂಕಿದ್ದರೂ ಅದು ಸಾಮಾನ್ಯವಾಗಿ ಹಳೆಯದು, ಪರಜೀವಿಗಳು ತೀರಾ ವಿರಳ. ಸೋಂಕು ಜೋರಾಗಿರುವ ಹಕ್ಕಿ ಮಂಕಾಗಿ ಕೂತುಬಿಡುತ್ತದೆ, ಬಲೆಗೆ ಬೀಳುವುದೇ ಕಡಿಮೆ. ಹಾಗಾಗಿ ಬಲೆಗೆ ಸಿಕ್ಕ ಹಕ್ಕಿಗಳಿಂದ ಮಾಡಿದ ಸೋಂಕಿನ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಇಲ್ಲದೆ ಹಕ್ಕಿ ಹಿಡಿಯುವ ಹಾಗಿಲ್ಲ. ಪರೀಕ್ಷೆಗೆ ತೆಗೆಯುವ ರಕ್ತ ದೇಹತೂಕದ ಶೇ. 1 ಮೀರಬಾರದು: 12 ಗ್ರಾಂ ಹಕ್ಕಿಗೆ ಸುಮಾರು 0.12 ಮಿ.ಲೀ. ರೆಕ್ಕೆಯ ರಕ್ತನಾಳದಿಂದ ಒಂದೆರಡು ಸಣ್ಣ ಹನಿಯೇ ಸಾಕು. ಗಾಜಿನ ಮೇಲೆ ತೆಳುವಾಗಿ ಎಳೆದು ಕೂಡಲೇ ಗಾಳಿಯಲ್ಲಿ ಒಣಗಿಸಿ, ಅಪ್ಪಟ ಮೆಥನಾಲ್‌ನಲ್ಲಿ 1–3 ನಿಮಿಷ ಅದ್ದಿ, ಶೇ. 10 ಗೀಮ್ಸಾ ಬಣ್ಣದಲ್ಲಿ ಒಂದು ಗಂಟೆ ಇಡುತ್ತಾರೆ. ಬೆಟ್ಟದ ಮಂಜಿನಲ್ಲಿ ಕೆಲಸ ಕೆಡುವುದು ಇಲ್ಲೇ. ಲೇಪ ನಿಧಾನ ಒಣಗಿದರೆ ಕಣಗಳು ವಿಕಾರವಾಗುತ್ತವೆ. ಗ್ಯಾಮಿಟೋಸೈಟ್‌ಗಳು ಸೊಳ್ಳೆಯ ಹೊಟ್ಟೆ ಸೇರಿದೆವೆಂದು ಬಗೆದು ಉರುಟಾಗತೊಡಗುತ್ತವೆ, ಪ್ರಭೇದ ಗುರುತಿಸಲು ಬಾರದು. ಮೆಥನಾಲ್ ತೇವ ಎಳೆದುಕೊಂಡಿದ್ದರೆ ಕಣಗಳಲ್ಲಿ ಹೊಳೆಯುವ ತೂತುಗಳು ಮೂಡಿ, ಹೊಸಬರು ಅವನ್ನೇ ಪರಜೀವಿ ಎಂದು ಎಣಿಸುತ್ತಾರೆ. 1000 ಪಟ್ಟು ಹಿಗ್ಗಿಸಿ ಕನಿಷ್ಠ 100 ನೋಟಕ್ಷೇತ್ರ ಹುಡುಕಬೇಕು. ಆಗಲೂ ತಪ್ಪಿಹೋಗುವ ವಿರಳ ಸೋಂಕಿಗೆ ಸೈಟೋಕ್ರೋಮ್ ಬಿ ಜೀನ್‌ನ ಪಿಸಿಆರ್ (ಡಿಎನ್‌ಎ ತುಣುಕನ್ನು ಹಲವು ಪಟ್ಟು ನಕಲು ಮಾಡಿ ಪತ್ತೆಹಚ್ಚುವ ವಿಧಾನ) ಬೇಕು. ಎರಡು ತಳಿ ಬೆರೆತ ಸೋಂಕಿನಲ್ಲಿ ಪಿಸಿಆರ್ ಹಲವು ಸಲ ಒಂದನ್ನು ನುಂಗಿಹಾಕುವುದರಿಂದ ಗಾಜಿನ ಲೇಪವನ್ನು ಬಿಡುವಂತಿಲ್ಲ.

ಕೋಲಾರದಲ್ಲಿ ಹಿಡಿದ ವಲಸೆ ಹಕ್ಕಿಯಲ್ಲಿ ಪರಜೀವಿ ಸಿಕ್ಕಿತೆಂದರೆ ಅದು ಕೋಲಾರದಲ್ಲಿ ಹರಡುತ್ತಿದೆ ಎಂದರ್ಥವಲ್ಲ. ಮರಿಮಾಡುವ ಉತ್ತರದ ನಾಡಿನಲ್ಲೇ ತಗುಲಿರಬಹುದು. ಇಲ್ಲೇ ಹುಟ್ಟಿದ ಪಿಕಳಾರದ ಎಳೆಹಕ್ಕಿಯಲ್ಲೂ ಅದೇ ತಳಿಯ ಗ್ಯಾಮಿಟೋಸೈಟ್ ಕಂಡರೆ ಸ್ಥಳೀಯ ಹರಡುವಿಕೆಗೆ ಸಾಕ್ಷಿ. ಸೊಳ್ಳೆಯಲ್ಲಿ ಪರಜೀವಿಯ ಬರೀ ಡಿಎನ್‌ಎ ಸಿಕ್ಕರೆ ಸಾಲದು, ಅದು ಆಗಷ್ಟೇ ಹೀರಿದ ರಕ್ತದ್ದಿರಬಹುದು. ಜೊಲ್ಲುಗ್ರಂಥಿಯಲ್ಲಿ ಸ್ಪೋರೊಜೊಯಿಟ್ (ಹಕ್ಕಿಗೆ ಸೋಂಕು ತಗುಲಿಸುವ ಹಂತ) ಕಾಣಬೇಕು.